ಕಬಡ್ಡಿ ಮಕ್ಕಳಿಗೂ ಕೋಚ್‌ಗೂ ನಿಧಿ: ನಾವು ನಡೆಸುವ ಕ್ರಮ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ ಕಡೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಅಂದರೆ ದುಡ್ಡು ಹುಟ್ಟುತ್ತದೆ. ದಿನಾ ಸಂಜೆ ಮಕ್ಕಳಿಗೆ ಕಲಿಸುವ ಕೋಚ್‌ಗೆ ಮಾತ್ರ ಪೆಟ್ರೋಲಿನ ಹಣವೂ ಸಿಗುವುದಿಲ್ಲ. ಇದು ನಮಗೆ ಸರಿ ಕಾಣಲಿಲ್ಲ. ಹಾಗಾಗಿ ನಮ್ಮ ಕ್ಲಬ್ಬಿನಲ್ಲಿ ಪಂದ್ಯಾಟಕ್ಕೊಂದು, ತರಬೇತಿಗೊಂದು ಎಂದು ಎರಡು ಬ್ಯಾಂಕ್ ಖಾತೆ ಮಾಡಿದೆವು. ಒಂದೇ ಖಾತೆಯಾದರೆ ಪೆಂಡಾಲು, ಲೈಟು, ಟ್ರೋಫಿಗೇ ಎಲ್ಲ ಕರಗಿಹೋಗುತ್ತದೆ.

ಖಾತೆಗೆ ಮೊದಲು ನೋಂದಣಿ, ಪ್ಯಾನ್ ಬೇಕು. 1860ರ ಸೊಸೈಟಿ ಕಾಯ್ದೆಯಡಿ ನೋಂದಣಿಗೆ ಕನಿಷ್ಠ 7 ಮಂದಿ ಸಾಕು. ಸಹಿ ಹಾಕುವವರು ಮೂವರಿರಲಿ, ಅವರಲ್ಲಿ ಯಾರಾದರೂ ಇಬ್ಬರ ಸಹಿ ನಡೆಯಲಿ. ಇಬ್ಬರೇ ಇದ್ದು ಒಬ್ಬರು ದುಬೈಗೆ ಹೊರಟರೆ ಚೆಕ್ ಅಲ್ಲಿಗೇ ನಿಂತಿತು. ಗಲ್ಫಿನವರ ದೇಣಿಗೆಯ ಬಗ್ಗೆ ಅನೇಕರಿಗೆ ಹೆದರಿಕೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಕಾನೂನಿನ ಲೆಕ್ಕದಲ್ಲಿ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದು ಆಗುತ್ತದೆ. ಪಾಸ್‌ಪೋರ್ಟಿನ ಒಂದು ಪ್ರತಿಯನ್ನು ರಶೀದಿಯ ಜೊತೆ ಇಟ್ಟುಕೊಳ್ಳುತ್ತೇವೆ.

ತರಬೇತಿ ಖಾತೆಗೆ ಬಂದ ನೂರು ರೂಪಾಯಿಯಲ್ಲಿ 40 ಕೋಚ್‌ಗೆ, 25 ಮಕ್ಕಳ ಆಹಾರಕ್ಕೆ, 20 ಪ್ರಯಾಣಕ್ಕೆ, 15 ಗಾಯದ ಚಿಕಿತ್ಸೆಗೆ. ಕೊನೆಯದನ್ನು ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ. ಮಂಡಿಯ ಲಿಗಮೆಂಟ್ ಹರಿದ ಹುಡುಗನಿಗೆ ಮೊದಲ ವಾರವೇ ಸ್ಕ್ಯಾನ್ ಆಗಬೇಕು. ಆಗ ಹೋಗಿ ಚಂದಾ ಎತ್ತುತ್ತಾ ಕೂತರೆ ಅವನ ಆಟ ಮುಗಿದಂತೆ.

ಮಕ್ಕಳ ಕೈಗೆ ನಗದು ಕೊಡುವುದಿಲ್ಲ. ಎರಡು ಮೊಟ್ಟೆ, ಒಂದು ಬಾಳೆಹಣ್ಣು, ನೆನೆಸಿದ ಕಡಲೆ: ಅಭ್ಯಾಸ ಮುಗಿದ ಮೇಲೆ ಅಂಗಳದಲ್ಲೇ ತಿನ್ನಿಸುತ್ತೇವೆ. ಹಾಜರಿ ಪುಸ್ತಕವೇ ಆಹಾರದ ಲೆಕ್ಕವೂ ಹೌದು. ಶೂ ಮಾತ್ರ ಮ್ಯಾಟ್ ಮೇಲೆ ಆಡುವ ಹಂತಕ್ಕೆ ಬಂದವರಿಗೆ. ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿದವನು ಮ್ಯಾಟ್‌ಗೆ ಹೋದರೆ ಕಾಲು ಜಾರದೆ ಅಂಟಿಕೊಳ್ಳುತ್ತದೆ, ತಿರುಗುವಾಗ ಮಂಡಿ ಉಳುಕುತ್ತದೆ. ತಂಡದ ಆಯ್ಕೆಗೆ ಮೂರು ವಾರ ಮುಂಚೆಯೇ ಮ್ಯಾಟ್ ಬಾಡಿಗೆಗೆ ತರುತ್ತೇವೆ. ಕೊಳ್ಳುವುದು ನಮ್ಮಂಥವರಿಗೆ ಲಾಭವಲ್ಲ. ಹಿರಿಯ ಪುರುಷರ ಅಂಕಣ 13 x 10 ಮೀಟರ್. ಒಂದು ಮೀಟರ್ ಚೌಕದ ತುಂಡುಗಳಾದರೆ ಅಂಕಣಕ್ಕೇ 130 ಬೇಕು. ಜೂನ್ ಮಳೆಗೆ ಜೋಡಣೆಯ ಹಲ್ಲಿನೊಳಗೆ ನೀರು ಕೂತು, ಬಿಸಿಲಿಗೆ ಅಂಚು ಮೇಲೆದ್ದು ಎಡವುವಂತಾಗುತ್ತದೆ. ಒಣಗಿಸಿ, ಮಡಚದೆ, ಒಂದರ ಮೇಲೊಂದು ಮಲಗಿಸಿಡಲು ಜಾಗವಿದ್ದವರು ಮಾತ್ರ ಕೊಳ್ಳಲಿ.

ಕೋಚ್ ವಿಷಯದಲ್ಲಿ ಹೆಚ್ಚಿನ ಕ್ಲಬ್ಬುಗಳು ತಪ್ಪುವುದು ಒಂದೇ ಕಡೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಆರು ವಾರಗಳ ಸರ್ಟಿಫಿಕೇಟ್ ಕೋರ್ಸಿಗೆ ಕಳಿಸುವಾಗ ಶುಲ್ಕ, ರೈಲು ಟಿಕೆಟ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಕೋಚ್‌ಗಳು ವಯರಿಂಗ್ ಕೆಲಸಕ್ಕೋ ಸುಣ್ಣ ಬಳಿಯಲಿಕ್ಕೋ ಹೋಗುವವರು. ಆರು ವಾರದ ಕೂಲಿ ನಿಂತರೆ ಮನೆ ನಡೆಯುವುದಿಲ್ಲ, ಅರ್ಧದಲ್ಲೇ ವಾಪಸು ಬರುತ್ತಾರೆ. ಆ ಕೂಲಿಯನ್ನೂ ಸೇರಿಸಿ ಲೆಕ್ಕ ಹಾಕಿ, ಅರ್ಧ ಹೊರಡುವ ಮುನ್ನ ಮನೆಗೆ, ಉಳಿದದ್ದು ಸರ್ಟಿಫಿಕೇಟ್ ತಂದ ಮೇಲೆ ಕೊಡಿ. ಎರಡು ವರ್ಷ ಊರಿನ ಮಕ್ಕಳಿಗೆ ಕಲಿಸುವುದಾಗಿ ಬರೆಸಿಕೊಳ್ಳಿ.

ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಇನ್ನೊಂದು ತೊಡಕು: ಸಹಾಯಧನದ ಅರ್ಜಿ ಹೆಚ್ಚಾಗಿ ಮಲಯಾಳದಲ್ಲಿ. ಅದರ ಜೊತೆಗೆ, ಶಾಲೆಯ ದಾಖಲೆಯಲ್ಲಿ ಹೆಸರಿನ ಇನಿಷಿಯಲ್ ಕೊನೆಗೆ, ಆಧಾರ್‌ನಲ್ಲಿ ಮೊದಲಿಗೆ, ಪಾಸ್‌ಬುಕ್ಕಿನಲ್ಲಿ ಇರುವುದೇ ಇಲ್ಲ. ಮೂರೂ ತಾಳೆಯಾಗದೆ ಮಂಜೂರಾದ ಹಣವೂ ಖಾತೆಗೆ ಬೀಳುವುದಿಲ್ಲ. ಮಗು ಅಂಗಳಕ್ಕೆ ಬಂದ ಮೊದಲ ತಿಂಗಳೇ ಮೂರರ ಪ್ರತಿಯನ್ನೂ ತರಿಸಿ, ಅಕ್ಷರ ಅಕ್ಷರ ಹೋಲಿಸಿ ನೋಡುತ್ತೇವೆ.