ಎಸ್‌ಎಸ್‌ಇಪಿ: ಅಲೆ ಕುಸಿದಾಗ ಮೊದಲು ಎಲ್ಲಿ ನೋಡಬೇಕು

ಎಸ್‌ಎಸ್‌ಇಪಿ ಎಂದರೆ ಕೈ ಅಥವಾ ಕಾಲಿನ ನರಕ್ಕೆ ಸಣ್ಣ ಕರೆಂಟು ಕೊಟ್ಟು, ಅದು ಎಬ್ಬಿಸುವ ಸಂಕೇತ ಮಿದುಳಿನವರೆಗೆ ಸರಿಯಾಗಿ ತಲುಪುತ್ತಿದೆಯೇ ಎಂದು ನೋಡುವ ಪರೀಕ್ಷೆ; ಸರ್ಜರಿ ನಡೆಯುವಾಗ ನರಮಾರ್ಗವನ್ನು ಕಾಯಲು ಇದನ್ನು ಬಳಸುತ್ತಾರೆ. ಮಣಿಕಟ್ಟಿನಲ್ಲಿ ಮೀಡಿಯನ್ ನರಕ್ಕೆ ಕೊಟ್ಟ ಕರೆಂಟಿನಿಂದ ಎದ್ದ ಸಂಕೇತ ಸುಮಾರು 9 ಮಿಲಿಸೆಕೆಂಡಿಗೆ ಕಾಲರ್ ಬೋನ್ ಮೇಲಿನ ಎರ್ಬ್ ಬಿಂದುವಿನಲ್ಲಿ, 13ಕ್ಕೆ ಕುತ್ತಿಗೆಯ ಬೆನ್ನುಹುರಿಯಲ್ಲಿ, 20ಕ್ಕೆ ಎದುರು ಬದಿಯ ಮಿದುಳಿನ ಹೊರಪದರವಾದ ಕಾರ್ಟೆಕ್ಸ್‌ನಲ್ಲಿ ಕಾಣಿಸುತ್ತದೆ. ಅವೇ ಎನ್9, ಎನ್13, ಎನ್20. ಕಾಲಿನ ಟಿಬಿಯಲ್ ನರದ್ದಾದರೆ ಕಾರ್ಟೆಕ್ಸ್‌ನ ಅಲೆ ಪಿ37. ಈ ಸಾಲನ್ನು ಯಾವಾಗಲೂ ಕೈಯಿಂದ ಮಿದುಳಿನ ಕಡೆಗೆ ಓದಬೇಕು. ಎನ್20 ಒಂದನ್ನೇ ನೋಡುತ್ತ ಕೂತರೆ, ಸಡಿಲವಾದ ಒಂದು ವೈರಿಗಾಗಿ ಸರ್ಜನ್ ಕೈ ನಿಲ್ಲಿಸಬೇಕಾದೀತು.

ಪ್ರಚೋದಕ ಎಲೆಕ್ಟ್ರೋಡ್‌ಗಳಲ್ಲಿ ಕ್ಯಾಥೋಡ್ ಮೊಣಕೈ ಕಡೆಗಿರಲಿ, ಆನೋಡ್ ಅದಕ್ಕಿಂತ 2–3 ಸೆಂ.ಮೀ. ಕೆಳಗೆ. ಪಲ್ಸ್ 0.2–0.3 ಮಿಲಿಸೆಕೆಂಡ್. ಎಚ್ಚರವಿರುವ ರೋಗಿಗೆ ಹೆಬ್ಬೆರಳು ಕುಣಿಯುವಷ್ಟು ಕರೆಂಟು ಸಾಕು. ಅರಿವಳಿಕೆಯಲ್ಲಿ ಕೈಗೆ 15–25, ಕಾಲಿಗೆ 30–50 ಮಿಲಿಆಂಪಿಯರ್ ಬೇಕಾಗುತ್ತದೆ. ವೇಗ ಸೆಕೆಂಡಿಗೆ 4.7 ಪಲ್ಸ್ ಇಡಿ, 5 ಬೇಡ. 50 ಹರ್ಟ್ಸ್ ವಿದ್ಯುತ್ ಇರುವಲ್ಲಿ 5 ಎಂದರೆ ಪ್ರತಿ ಪಲ್ಸೂ ಮೇನ್ಸ್ ಅಲೆಯ ಒಂದೇ ಬಿಂದುವಿಗೆ ಬೀಳುತ್ತದೆ. ಆಗ ಎಷ್ಟು ಸರಾಸರಿ ತೆಗೆದರೂ ಗದ್ದಲ ಕರಗುವುದಿಲ್ಲ. ಗದ್ದಲ ಹೋಗಲೆಂದು ಮೇನ್ಸ್ ಆವರ್ತನವನ್ನು ಕತ್ತರಿಸುವ ನಾಚ್ ಫಿಲ್ಟರ್ ಒತ್ತಬೇಡಿ, ಅದು ಪ್ರಚೋದನೆಯ ಕರೆಂಟಿನಿಂದಲೇ ಮೂಡುವ ಗುರುತನ್ನೇ (ಆರ್ಟಿಫ್ಯಾಕ್ಟ್) ಎಳೆದು ಸುಳ್ಳು ಅಲೆ ಬರೆಯುತ್ತದೆ. ಎಲೆಕ್ಟ್ರೋಡ್ ಮತ್ತು ಚರ್ಮದ ನಡುವಿನ ತಡೆ (ಇಂಪಿಡೆನ್ಸ್) 5 ಕಿಲೋಓಮ್‌ಗಿಂತ ಕಡಿಮೆ ಇರಲಿ.

ಅಲೆ ಹಿಡಿಯುವ ಎಲೆಕ್ಟ್ರೋಡ್‌ಗಳಿಗೆ ತಲೆಯ ಮೇಲಿನ ಜಾಗ: ಕೈಗೆ ಸಿಪಿ3, ಸಿಪಿ4, ಕಾಲಿಗೆ ಸಿಪಿಝಡ್, ರೆಫರೆನ್ಸ್ ಎಫ್‌ಪಿಝಡ್ ಅಥವಾ ಎಫ್‌ಝಡ್. ಎರ್ಬ್ ಬಿಂದುವನ್ನು ಆತುರದಲ್ಲಿ ಬಿಟ್ಟುಬಿಡುವ ಅಭ್ಯಾಸವಿದೆ. ಮುಂದೆ ತೊಂದರೆ ಬಂದಾಗ ಬೇಕಾಗುವುದು ಅದೇ.

300 ಪ್ರತಿಕ್ರಿಯೆಗಳ ಸರಾಸರಿಗೆ ಒಂದು ನಿಮಿಷಕ್ಕಿಂತ ತುಸು ಹೆಚ್ಚೇ ಹಿಡಿಯುತ್ತದೆ. ಅಂದರೆ ಪರದೆಯ ಮೇಲಿರುವುದು ಆಗಲೇ ಕಳೆದ ನಿಮಿಷದ ಸುದ್ದಿ. ಅರಿವಳಿಕೆ ಸ್ಥಿರವಾದ ಮೇಲೆ ಮುಂದಿನ ಹೋಲಿಕೆಗಾಗಿ ಬೇಸ್‌ಲೈನ್ ತೆಗೆಯಿರಿ; ಕುತ್ತಿಗೆಯ ಬೆನ್ನೆಲುಬು ಸಡಿಲವಿದ್ದರೆ ರೋಗಿಯನ್ನು ಮಗುಚುವ ಮೊದಲೊಮ್ಮೆ, ಮಗುಚಿದ ಮೇಲೊಮ್ಮೆ. ಎತ್ತರ ಶೇ. 50 ಕುಸಿದರೆ ಅಥವಾ ಅಲೆ ಶೇ. 10 ತಡವಾದರೆ ಎಚ್ಚರಿಕೆ ಕೊಡುವುದು ರೂಢಿ.

ಕುಸಿಯಿತು ಎನ್ನಿ. ಮೊದಲು ಎನ್9 ನೋಡಿ. ಅದೂ ಹೋಗಿದ್ದರೆ ಎಲೆಕ್ಟ್ರೋಡ್ ಕಳಚಿದೆ, ಕರೆಂಟು ತಲುಪುತ್ತಿಲ್ಲ, ಇಲ್ಲವೇ ತೋಳು ಒತ್ತಿಕೊಂಡಿದೆ: ತೋಳನ್ನು ಸರಿಯಾಗಿ ಇಟ್ಟರೆ ಎಷ್ಟೋ ಸಲ ಅಲೆ ಮರಳುತ್ತದೆ. ಎನ್9, ಎನ್13 ಎರಡೂ ಚೆನ್ನಾಗಿದ್ದು ಕೈಕಾಲು ನಾಲ್ಕರಲ್ಲೂ ಕಾರ್ಟೆಕ್ಸ್‌ನ ಅಲೆ ಮಾತ್ರ ಇಳಿದಿದ್ದರೆ ಅರಿವಳಿಕೆ ತಜ್ಞರನ್ನು ಕೇಳಿ. ಸೆವೊಫ್ಲುರೇನ್, ಐಸೊಫ್ಲುರೇನ್, ನೈಟ್ರಸ್ ಆಕ್ಸೈಡ್ ಕಾರ್ಟೆಕ್ಸ್‌ನ ಅಲೆಯನ್ನು ತಗ್ಗಿಸುತ್ತವೆ. ಪ್ರೊಪೊಫಾಲ್ ಇನ್ಫ್ಯೂಷನ್ನಿನ ತೊಂದರೆ ಅಷ್ಟಿಲ್ಲ, ಕೆಟಮಿನ್ ಎತ್ತರ ಹೆಚ್ಚಿಸುವುದೂ ಉಂಟು. ರಕ್ತದೊತ್ತಡ ಇಳಿದಿದೆಯೇ, ಮೈ ತಣ್ಣಗಾಗಿದೆಯೇ ಎಂದೂ ನೋಡಿ. ಬೆನ್ನಿನ ಸರ್ಜರಿಯಲ್ಲಿ ಕೈಗಳ ಅಲೆ ಹಾಗೇ ಇದ್ದು ಕಾಲುಗಳದ್ದು ಮಾತ್ರ ಹೋದರೆ ಅದು ಸರ್ಜನ್ನಿಗೆ ತಕ್ಷಣ ಹೇಳಬೇಕಾದ ಮಾತು: ಹೊಸದಾಗಿ ಕೂರಿಸಿದ ಸ್ಕ್ರೂ ಅಥವಾ ಎಳೆತವನ್ನು ಸಡಿಲಿಸಿ, ರಕ್ತದೊತ್ತಡ ಏರಿಸಿ, ಮತ್ತೆ ರೆಕಾರ್ಡ್ ಮಾಡಬೇಕು.

ಒಂದು ಮಿತಿ ಮರೆಯುವಂತಿಲ್ಲ. ಈ ಸಂಕೇತ ಬೆನ್ನುಹುರಿಯ ಹಿಂಭಾಗದಲ್ಲಿ ಏರುತ್ತದೆ. ಮುಂಭಾಗದ ರಕ್ತನಾಳ ಕಟ್ಟಿ ಕಾಲಿನ ಚಲನೆಯೇ ನಿಂತಿದ್ದರೂ ಎಸ್‌ಎಸ್‌ಇಪಿ ಸರಿಯಾಗೇ ಕಾಣಬಹುದು. ಹಾಗಾಗಿ ಜೊತೆಗೆ ಮಿದುಳಿನಿಂದ ಸ್ನಾಯುವಿಗೆ ಇಳಿಯುವ ಚಲನೆಯ ಸಂಕೇತವನ್ನು ನೋಡುವ ಎಂಇಪಿ ಬೇಕು. ಸ್ನಾಯು ಸಡಿಲಿಸುವ ಔಷಧ ಎಸ್‌ಎಸ್‌ಇಪಿಯ ಗದ್ದಲ ತಗ್ಗಿಸುತ್ತದಾದರೂ ಎಂಇಪಿಯನ್ನು ಅಳಿಸಿಬಿಡುತ್ತದೆ. ಎರಡೂ ನಡೆಯುವಾಗ ಅದರ ಡೋಸ್ ಮೊದಲೇ ಮಾತಾಡಿಕೊಳ್ಳಿ.

ಮಿದುಳಿನ ಗಡ್ಡೆಯ ಸರ್ಜರಿಯಲ್ಲಿ ಸೆಂಟ್ರಲ್ ಸಲ್ಕಸ್, ಅಂದರೆ ಸಂವೇದನೆ ಮತ್ತು ಚಲನೆಯ ಭಾಗಗಳ ನಡುವಿನ ಸೀಳು, ಹುಡುಕಲೂ ಇದು ಬರುತ್ತದೆ. ಎಲೆಕ್ಟ್ರೋಡ್ ಪಟ್ಟಿಯನ್ನು ಸಲ್ಕಸ್‌ಗೆ ಅಡ್ಡವಾಗಿ ಕಾರ್ಟೆಕ್ಸ್ ಮೇಲಿಟ್ಟರೆ ಸಂವೇದನೆಯ ಕಡೆ ಎನ್20, ಚಲನೆಯ ಕಡೆ ತಲೆಕೆಳಗಾದ ಅಲೆ; ತಿರುವು ಬೀಳುವಲ್ಲೇ ಸಲ್ಕಸ್.

ನ್ಯೂರಾಲಜಿಯಲ್ಲಿ ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ನಿಧಾನಗತಿ ತೋರಿಸುವ ಕೆಲಸ ಎಂಆರ್‌ಐ ಬಂದ ಮೇಲೆ ಹಿಂದೆ ಸರಿದಿದೆ. ಹೃದಯ ನಿಂತು ಮರಳಿದವರ ಕೋಮಾದಲ್ಲಿ ಮಾತ್ರ ಇದರ ತೂಕ ದೊಡ್ಡದು: ಕನಿಷ್ಠ 24 ಗಂಟೆ ಕಳೆದ ಮೇಲೆ ಎರಡೂ ಬದಿ ಎನ್20 ಇಲ್ಲದಿದ್ದರೆ ಚೇತರಿಕೆಯ ಸಾಧ್ಯತೆ ತೀರ ಕಡಿಮೆ. ಆದರೆ ಎನ್9, ಎನ್13 ಸ್ಪಷ್ಟವಾಗಿ ಕಾಣದೆ ಹಾಗೆ ಬರೆಯಬೇಡಿ, ಕುತ್ತಿಗೆಗೆ ಪೆಟ್ಟಾಗಿದ್ದರೂ ಎನ್20 ಇರುವುದಿಲ್ಲ. ನಡುಕದ ಗದ್ದಲವಿದ್ದರೆ ಸ್ನಾಯು ಸಡಿಲಿಸುವ ಔಷಧ ಕೊಡಿಸಿ, ಎರಡು ಸಲ ರೆಕಾರ್ಡ್ ಮಾಡಿ. ಈ ಒಂದೇ ಪರೀಕ್ಷೆಯ ಮೇಲೆ ತೀರ್ಮಾನವಿಲ್ಲ. ಎನ್20 ಇದೆ ಎಂದಮಾತ್ರಕ್ಕೆ ಎಚ್ಚರಾಗುತ್ತಾರೆಂಬ ಭರವಸೆಯನ್ನು ಮನೆಯವರಿಗೆ ಕೊಡುವಂತಿಲ್ಲ.