ಕೊಂಡಿ ಸೀರೆಗೆ ಬಂದ ಚಾರ್ಜ್‌ಬ್ಯಾಕ್

ಹುಬ್ಬಳ್ಳಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಕಸೂತಿ ಹಾಕಿದ ದುಪಟ್ಟಾ ಮಾರುತ್ತೇನೆ. ಮಾತುಕತೆಯೆಲ್ಲ ವಾಟ್ಸ್‌ಆ್ಯಪ್‌ನಲ್ಲಿ. ದುಡ್ಡು ಮಾತ್ರ ನನ್ನ ವೆಬ್‌ಸೈಟಿನ ಪೇಮೆಂಟ್ ಗೇಟ್‌ವೇ, ಅಂದರೆ ಗ್ರಾಹಕರ ಹಣ ಪಡೆದು ನಮ್ಮ ಖಾತೆಗೆ ಹಾಕುವ ಕಂಪನಿಯ ಮೂಲಕ ಬರುತ್ತದೆ. ತಿಂಗಳಿಗೆ ಸುಮಾರು 40 ಆರ್ಡರ್. ಅದರಲ್ಲಿ ಹತ್ತೋ ಹನ್ನೆರಡೋ ಅಮೆರಿಕ, ಇಂಗ್ಲೆಂಡ್ ಕಡೆಯವು.

ಒಂದು ಸೋಮವಾರ ಖಾತೆಗೆ ಬಂದ ಹಣದಲ್ಲಿ 9,200 ರೂಪಾಯಿ ಕಡಿಮೆ ಇತ್ತು. ಲೆಕ್ಕ ತಪ್ಪಿರಬೇಕು ಅಂತ ಮೂರು ಸಲ ಕೂಡಿಸಿ ನೋಡಿದೆ. ಆಮೇಲೆ ಮೇಲ್ ಹುಡುಕಿದರೆ, ಜಾಹೀರಾತುಗಳೆಲ್ಲ ಹೋಗಿ ಬೀಳುವ ಟ್ಯಾಬ್‌ನಲ್ಲಿ ಗೇಟ್‌ವೇಯವರ ಒಂದು ಪತ್ರ ಸಿಕ್ಕಿತು. ಗ್ರಾಹಕರೊಬ್ಬರು ತಮ್ಮ ಬ್ಯಾಂಕಿಗೆ ದೂರು ಕೊಟ್ಟಿದ್ದಾರೆ, 7 ದಿನದೊಳಗೆ ದಾಖಲೆ ಕಳಿಸಿ ಅಂತ ಅದರಲ್ಲಿತ್ತು. ನಾನು ಓದಿದ್ದು ಒಂಬತ್ತನೇ ದಿನ. ಉತ್ತರ ಕೊಡದಿದ್ದರೆ ತಪ್ಪು ಒಪ್ಪಿಕೊಂಡ ಹಾಗೆಯೇ. ಸೀರೆಯೂ ಹೋಯಿತು, ದುಡ್ಡೂ ಹೋಯಿತು. ಮೇಲೆ ಗೇಟ್‌ವೇಯವರ ಶುಲ್ಕ ಬೇರೆ.

ಅವತ್ತಿನವರೆಗೆ ನನಗೆ ರೀಫಂಡ್ ಗೊತ್ತಿತ್ತು, ಚಾರ್ಜ್‌ಬ್ಯಾಕ್ ಗೊತ್ತಿರಲಿಲ್ಲ. ರೀಫಂಡ್ ನಾವಾಗಿ ಕೊಡುವುದು. ಚಾರ್ಜ್‌ಬ್ಯಾಕ್‌ನಲ್ಲಿ ಗ್ರಾಹಕರು ನಮ್ಮನ್ನು ಬಿಟ್ಟು ನೇರ ತಮ್ಮ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತಾರೆ. ಆ ಬ್ಯಾಂಕು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಮೂಲಕ ನಮ್ಮ ಕಡೆಯ ಬ್ಯಾಂಕಿನಿಂದ ಹಣ ಎಳೆದುಕೊಳ್ಳುತ್ತದೆ. ನಮ್ಮ ಬ್ಯಾಂಕು ಗೇಟ್‌ವೇಯಿಂದ, ಗೇಟ್‌ವೇ ನಮ್ಮಿಂದ. ಮೊದಲು ಹಣ ಹೋಗುತ್ತದೆ, ವಿಚಾರಣೆ ಆಮೇಲೆ. ಅಮೆರಿಕದಲ್ಲಿ ಇದಕ್ಕೆ 1974ರಲ್ಲೇ ಮಾಡಿದ ಕಾನೂನಿನ ಬಲವಿದೆ. ಅಲ್ಲಿನವರಿಗೆ ಇದು ತೀರಾ ಸಹಜ. ನಮಗೆ ಮಾತ್ರ ಯಾರೋ ಜೇಬಿಗೆ ಕೈ ಹಾಕಿದ ಹಾಗೆ ಅನ್ನಿಸುತ್ತದೆ.

ಈಗ ಗೇಟ್‌ವೇಯಿಂದ ಬರುವ ಮೇಲ್‌ಗಳಿಗೆ ಬೇರೆಯೇ ಫೋಲ್ಡರ್ ಇದೆ. ಯಜಮಾನರ ಮೊಬೈಲಿಗೂ ಹೋಗುತ್ತವೆ. ದಿನಾ ಬೆಳಿಗ್ಗೆ ಚಹಾ ಕುಡಿಯುತ್ತಾ ಗೇಟ್‌ವೇಯ ಡ್ಯಾಶ್‌ಬೋರ್ಡ್ ಒಮ್ಮೆ ತೆಗೆದು ನೋಡುತ್ತೇನೆ. ಎರಡು ನಿಮಿಷದ ಕೆಲಸ.

ಎರಡನೇ ಚಾರ್ಜ್‌ಬ್ಯಾಕ್ ನ್ಯೂಜೆರ್ಸಿಯಿಂದ ಬಂತು. ಕಾರ್ಡಿನ ಮಾಲೀಕರು ಈ ಖರೀದಿ ನಾನು ಮಾಡಿಲ್ಲ ಅಂದಿದ್ದರು. ಫೋನ್ ಹಚ್ಚಿದೆ. ಸೀರೆ ಕೊಂಡ ಹೆಣ್ಣುಮಗಳು ಗಾಬರಿಯಾದರು. 'ಅಯ್ಯೋ ಅಕ್ಕಾ, ಕಾರ್ಡ್ ನಮ್ಮೆಜಮಾನ್ರದು. ಸ್ಟೇಟ್‌ಮೆಂಟ್‌ನಲ್ಲಿ ಯಾವುದೋ ಟ್ರೇಡಿಂಗ್ ಕಂಪನಿ ಹೆಸರಿತ್ತಂತೆ, ಮೋಸ ಅಂದ್ಕೊಂಡು ಬ್ಯಾಂಕಿಗೆ ಹೇಳಿಬಿಟ್ಟಿದ್ದಾರೆ' ಅಂದರು. ತಪ್ಪು ನನ್ನದೇ. ಜಿಎಸ್‌ಟಿ ಮಾಡಿಸಿದ್ದು ಮಾವನವರ ಹಳೇ ಟ್ರೇಡಿಂಗ್ ಅಂಗಡಿಯ ಹೆಸರಲ್ಲಿ, ವೆಬ್‌ಸೈಟ್ ನಡೆಯುವುದು ಇನ್ನೊಂದು ಹೆಸರಲ್ಲಿ. ಕಾರ್ಡ್ ಬಿಲ್ಲಿನಲ್ಲಿ ಯಾವ ಹೆಸರು ಬರುತ್ತದೆ ಅಂತ ನಾನು ಯೋಚಿಸಿಯೇ ಇರಲಿಲ್ಲ.

ಅವರು ಹಣ ವಾಪಸ್ ಕೇಳಲಿಲ್ಲ, ಸೀರೆ ಇಟ್ಟುಕೊಳ್ಳುತ್ತೇವೆ ಅಂದರು. ಆದರೆ ನನಗೆ ಹೇಳಿದರೆ ಸಾಲದು, ಅವರ ಬ್ಯಾಂಕಿಗೆ ಅವರೇ ಹೇಳಬೇಕು. ದೂರು ಹಿಂದೆ ತೆಗೆದುಕೊಂಡಿದ್ದೇವೆ ಅಂತ ಬ್ಯಾಂಕಿನಿಂದ ಒಂದು ಪತ್ರ ತರಿಸಿದರು. ಅದನ್ನು ಗೇಟ್‌ವೇಗೆ ಹಾಕಿದೆ. ಹಣ ವಾಪಸ್ ಬರಲು ಎರಡು ತಿಂಗಳು ಹಿಡಿಯಿತು. ಆ ವಾರವೇ ಗೇಟ್‌ವೇಯವರಿಗೆ ಬರೆದು ಬಿಲ್ಲಿನಲ್ಲಿ ಬರುವ ಹೆಸರನ್ನು ವೆಬ್‌ಸೈಟಿನ ಹೆಸರಿಗೆ ಬದಲಾಯಿಸಿದೆ. ಆಮೇಲೆ ಇಂಥ ದೂರು ಬಂದಿದ್ದು ಒಂದೇ ಒಂದು.

ಇಲ್ಲೊಂದು ಮಾತು. ದೂರು ಬಂದ ಮೇಲೆ ಗಡಿಬಿಡಿಯಲ್ಲಿ ರೀಫಂಡ್ ಒತ್ತಬೇಡಿ. ಚಾರ್ಜ್‌ಬ್ಯಾಕ್‌ನಲ್ಲಿ ಹಣ ಆಗಲೇ ಹೊರಟಿರುತ್ತದೆ, ರೀಫಂಡ್ ಮಾಡಿದರೆ ಎರಡು ಸಲ ಹೋಗುತ್ತದೆ. ಹಣ ಕೊಡಬೇಕು ಅಂತಲೇ ಅನ್ನಿಸಿದರೆ ಚಾರ್ಜ್‌ಬ್ಯಾಕ್ ಒಪ್ಪಿಕೊಂಡರಾಯಿತು. ಪರಿಚಯದ ಉಪ್ಪಿನಕಾಯಿ ವ್ಯಾಪಾರದವರೊಬ್ಬರು ಹೀಗೆ ಎರಡೂ ಕಡೆ ಕೊಟ್ಟು, ಒಂದನ್ನು ವಾಪಸ್ ಪಡೆಯಲು ತಿಂಗಳುಗಟ್ಟಲೆ ಒದ್ದಾಡಿದರು.

ಈಗ ಕೊಂಡಿ ಸೀರೆಯ ಕಥೆ. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಳಕಲ್ ಸೀರೆಯ ಮೈ ಮತ್ತು ಸೆರಗು ಬೇರೆ ಬೇರೆ ಹಾಸಿನವು. ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು. ಮೈಯ ಹಾಸು ಹೆಚ್ಚಾಗಿ ಹತ್ತಿಯದು, ಸೆರಗಿನದು ರೇಷ್ಮೆ. ಎರಡೂ ಸೇರುವಲ್ಲಿ ಒಂದೊಂದು ಎಳೆಯನ್ನೂ ಕುಣಿಕೆಯ ಹಾಗೆ ಒಂದಕ್ಕೊಂದು ಸಿಕ್ಕಿಸಿ ಮಗ್ಗಕ್ಕೆ ಏರಿಸುತ್ತಾರೆ. ಅದೇ ಕೊಂಡಿ. ಅದಕ್ಕೇ ಒಂದೊಂದು ಸೀರೆಗೂ ಹಾಸು ಬೇರೆಯಾಗಿ ಮಾಡಬೇಕು. ಸೇರಿದ ಜಾಗದಲ್ಲಿ ಸಣ್ಣ ಗೆರೆಯೊಂದು ಕಾಣುತ್ತದೆ, ಹಿಂಬದಿಗೆ ಕೈಯಾಡಿಸಿದರೆ ತುಸು ಒರಟು. ಬಲ್ಲವರು ಸೀರೆ ಕೈಗೆ ಬಂದ ತಕ್ಷಣ ಮೊದಲು ಅಲ್ಲೇ ನೋಡುತ್ತಾರೆ.

ಟೆಕ್ಸಾಸ್‌ನ ಒಬ್ಬರು ಒಂದು ಸೀರೆ ತರಿಸಿಕೊಂಡರು. ಕನ್ನಡದವರಲ್ಲ, ಯಾರದೋ ಮದುವೆಯಲ್ಲಿ ನೋಡಿ ಆಸೆಪಟ್ಟವರು. ಸೀರೆ ತಲುಪಿದ ಮೂರನೇ ದಿನ ಫೋಟೋ ಕಳಿಸಿದರು. 'ಇದು ಹರಿದ ಸೀರೆ, ತುಂಡು ಜೋಡಿಸಿದ್ದೀರಿ. ನನಗೆ ಬೇಡ, ವಾಪಸ್ ಕಳಿಸುತ್ತೇನೆ.' ಫೋಟೋದಲ್ಲಿ ಇದ್ದದ್ದು ಕೊಂಡಿ! ನನಗೆ ಸಿಟ್ಟು ಬಂತು. 'ಇಳಕಲ್ ಸೀರೆ ಅಂದರೆ ಹೀಗೇ ಇರುತ್ತದೆ ಮೇಡಂ. ನಮ್ಮಲ್ಲಿ ವಾಪಸ್ ಇಲ್ಲ' ಅಂತ ಬರೆದು ಸುಮ್ಮನಾದೆ. ಸೀರೆ ನೇಯ್ದ ಕಾಕಾಗೆ ಫೋನ್‌ನಲ್ಲಿ ಹೇಳಿದರೆ ಅವರು ನಕ್ಕರು. 'ಕೊಂಡಿ ಇಲ್ಲಂದ್ರ ಅದು ಇಳಕಲ್ ಸೀರಿ ಹೆಂಗ ಆಗತೈತಿ, ಯವ್ವಾ?'

ಒಂದು ತಿಂಗಳ ಮೇಲೆ ಚಾರ್ಜ್‌ಬ್ಯಾಕ್ ಬಂತು. ವೀಸಾದ 13.3, ಅಂದರೆ ವಸ್ತು ಹೇಳಿದ ಹಾಗಿಲ್ಲ ಅಥವಾ ಕೆಟ್ಟಿದೆ ಅನ್ನುವ ದೂರು. ಈ ಸಲ ನಾನು ಬಿಡಲಿಲ್ಲ. ಕೊಂಡಿ ಬಗ್ಗೆ ಎರಡು ಪುಟ ಬರೆದೆ, ಮಗ್ಗದ ಫೋಟೋ ಹಾಕಿದೆ, ಇಳಕಲ್ ಸೀರೆಗೆ ಜಿಐ, ಅಂದರೆ ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು, ಇರುವುದನ್ನೂ ಸೇರಿಸಿದೆ. ಮೊದಲ ಸುತ್ತಿನಲ್ಲಿ ಗೆದ್ದೆ, ಹಣ ವಾಪಸ್ ಬಂತು. ಮನೆಯಲ್ಲಿ ಶ್ಯಾವಿಗೆ ಪಾಯಸ ಕೂಡ ಆಯಿತು.

ಪಾಯಸದ ಬಾಯಿ ಆರುವ ಮೊದಲೇ ಎರಡನೇ ಸುತ್ತು ಶುರುವಾಯಿತು. ಇದಕ್ಕೆ ಪ್ರೀ-ಆರ್ಬಿಟ್ರೇಷನ್ ಅನ್ನುತ್ತಾರೆ. ಅವರ ಬ್ಯಾಂಕು ಎರಡು ವಿಷಯ ಹಿಡಿದಿತ್ತು. ನನ್ನ ವೆಬ್‌ಸೈಟಿನ ಆ ಸೀರೆಯ ಪುಟದಲ್ಲಿ ಕೊಂಡಿ ಅನ್ನುವ ಪದವೇ ಇರಲಿಲ್ಲ. ಬರೀ 'ಅಪ್ಪಟ ಇಳಕಲ್, ತೋಪ ತೆನಿ ಸೆರಗು' ಅಂತ ಇತ್ತು, ಫೋಟೋಗಳಲ್ಲಿ ಸೇರುವ ಜಾಗ ಮಡಿಕೆಯೊಳಗೆ ಮುಚ್ಚಿಹೋಗಿತ್ತು. ಇನ್ನೊಂದು, ನಾನೇ ಕಳಿಸಿದ ಆ ವಾಟ್ಸ್‌ಆ್ಯಪ್ ಸಂದೇಶ. ಈ ಬಗೆಯ ದೂರಿನಲ್ಲಿ ಗ್ರಾಹಕರು ವಸ್ತುವನ್ನು ಹಿಂತಿರುಗಿಸಲು ಪ್ರಯತ್ನ ಮಾಡಿರಬೇಕು ಅನ್ನುವುದು ನಿಯಮ. ಆಕೆ ಮಾಡಿದ್ದರು. ಬೇಡ ಅಂದವಳು ನಾನು. ನನ್ನ ಸಿಟ್ಟೇ ಅವರಿಗೆ ಸಾಕ್ಷಿಯಾಯಿತು.

ಮುಂದೆ ಆರ್ಬಿಟ್ರೇಷನ್‌ಗೆ ಹೋಗಬಹುದಿತ್ತು. ಅಲ್ಲಿ ವೀಸಾದವರೇ ತೀರ್ಪು ಕೊಡುತ್ತಾರೆ. ಸೋತವರ ಮೇಲೆ ಬೀಳುವ ಶುಲ್ಕ ನೂರಾರು ಡಾಲರ್. ಸೀರೆಯ ಬೆಲೆ ಅದಕ್ಕಿಂತ ಕಡಿಮೆ. ಕೈ ಬಿಟ್ಟೆ. ಸೀರೆ ಇನ್ನೂ ಟೆಕ್ಸಾಸ್‌ನಲ್ಲೇ ಇದೆ.

ಆಮೇಲೆ ಒಂದು ವಾರ ಕೂತು ಎಲ್ಲ ಸೀರೆಗಳ ಪುಟಗಳನ್ನೂ ಹೊಸದಾಗಿ ಬರೆದೆ. ಮೈ ಯಾವ ನೂಲು, ಸೆರಗು ಯಾವ ನೂಲು, ಉದ್ದ ಎಷ್ಟು, ರವಿಕೆ ತುಂಡು ಇದೆಯೋ ಇಲ್ಲವೋ, ಬಣ್ಣ ಮೊಬೈಲಿನಲ್ಲಿ ಹೇಗೆ ಬೇರೆ ಕಾಣಬಹುದು, ಎಲ್ಲ. ಕೊಂಡಿಯನ್ನು ಹತ್ತಿರದಿಂದ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ಮುಂದೆ ಹಿಂದೆ ಎರಡೂ ಕಡೆ ಫೋಟೋ ತೆಗೆದೆ. ಆರ್ಡರ್ ಬಂದಾಗ ಆ ಫೋಟೋವನ್ನು ವಾಟ್ಸ್‌ಆ್ಯಪ್‌ನಲ್ಲೂ ಕಳಿಸಿ, 'ನೋಡಿದೆ' ಅಂತ ಉತ್ತರ ಬಂದ ಮೇಲೇ ಪಾರ್ಸೆಲ್ ಕಟ್ಟುತ್ತೇನೆ. ವಾಪಸ್ ಇಲ್ಲ ಅನ್ನುವುದನ್ನು ಕಿತ್ತು ಹಾಕಿ 10 ದಿನ ಕೊಟ್ಟಿದ್ದೇನೆ. ಕಳಿಸುವ ಖರ್ಚು ಅವರದು. ಎಲ್ಲರೂ ಹೆದರಿಸಿದ್ದರು. ನಿಜ ಹೇಳಬೇಕೆಂದರೆ ವಾಪಸ್ ಬರುವುದು ತೀರಾ ಅಪರೂಪ.

ನಿಜವಾದ ಮೋಸಕ್ಕೆ ಸಿಕ್ಕಿಬಿದ್ದದ್ದು ಒಂದೇ ಸಲ. ಮಧ್ಯರಾತ್ರಿ ದಾಟಿದ ಮೇಲೆ 6 ಸೀರೆ, 61,000 ರೂಪಾಯಿ, ವಿದೇಶಿ ಕಾರ್ಡ್. ಮೂರು ಕಾರ್ಡ್ ಫೇಲಾಗಿ ನಾಲ್ಕನೆಯದು ಪಾಸಾಗಿತ್ತು. ಬಣ್ಣ ಕೇಳಲಿಲ್ಲ, ಬೆಲೆ ಚೌಕಾಸಿ ಇಲ್ಲ. ಸೀರೆ ಕೊಳ್ಳುವ ಹೆಂಗಸು ಬಣ್ಣ ಕೇಳದೆ ಇರುತ್ತಾಳಾ? ಅಲ್ಲೇ ನನಗೆ ತಿಳಿಯಬೇಕಿತ್ತು. ಆದರೆ ಖುಷಿಯಲ್ಲಿ ಕಣ್ಣು ಮುಚ್ಚಿಹೋಗಿತ್ತು. ಸುಮಾರು 50 ದಿನದ ಮೇಲೆ ವೀಸಾದ 10.4 ದೂರು ಬಂತು, ಕಾರ್ಡಿನ ಮಾಲೀಕರು ಈ ಖರೀದಿ ಮಾಡೇ ಇಲ್ಲ ಅಂತ. ಪಾರ್ಸೆಲ್ ತಲುಪಿದ ಸಹಿ ನನ್ನ ಹತ್ತಿರ ಇತ್ತು. ಏನು ಪ್ರಯೋಜನ? ಸಹಿ ಹಾಕಿದವರು ಕಾರ್ಡಿನವರಲ್ಲ ಅಲ್ವಾ.

ನಮ್ಮ ದೇಶದ ಕಾರ್ಡುಗಳಲ್ಲಿ ಈ ಭಯ ಕಡಿಮೆ. ಆನ್‌ಲೈನ್ ಖರೀದಿಗೆ ಎರಡನೇ ಪರಿಶೀಲನೆ ಇರಲೇಬೇಕು ಅಂತ ರಿಸರ್ವ್ ಬ್ಯಾಂಕ್ 2009ರಲ್ಲೇ ಕಡ್ಡಾಯ ಮಾಡಿದೆ. ನಮಗೆಲ್ಲ ಗೊತ್ತಿರುವ ಒಟಿಪಿ ಅದೇ. ವಿದೇಶಿ ಕಾರ್ಡಿಗೆ ಆ ಕಟ್ಟಳೆ ಇಲ್ಲ. ಆ ಪರಿಶೀಲನೆ ಆಗಿ ಪಾಸಾದ ಪೇಮೆಂಟ್ ಆದರೆ, ನಾನು ಮಾಡಿಲ್ಲ ಅನ್ನುವ ದೂರಿನ ಹೊಣೆ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿನದು. ಆಗದಿದ್ದರೆ ನಮ್ಮದು. ವಸ್ತು ತಲುಪಿಲ್ಲ, ಸರಿಯಿಲ್ಲ ಅನ್ನುವ ದೂರುಗಳಿಗೆ ಮಾತ್ರ ಒಟಿಪಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ. ಈಗ ಹೊಸಬರಿಂದ ದೊಡ್ಡ ವಿದೇಶಿ ಆರ್ಡರ್ ಬಂದರೆ ಒಂದು ವಿಡಿಯೋ ಕಾಲ್ ಮಾಡಿ ಸೀರೆ ತೋರಿಸುತ್ತೇನೆ. ವ್ಯಾಪಾರದ ಮರ್ಯಾದೆಯೂ ಆಯಿತು, ಮುಖ ನೋಡಿದ ಹಾಗೂ ಆಯಿತು. ಕಾಲ್ ಎತ್ತದಿದ್ದರೆ ಹಣ ವಾಪಸ್ ಮಾಡಿ ಕೈ ತೊಳೆದುಕೊಳ್ಳುತ್ತೇನೆ.

ದಾಖಲೆ ಕಳಿಸುವುದರಲ್ಲಿ ನಾನು ಕಲಿತದ್ದು, ಓದುವವರಿಗೆ ಸೀರೆಯೂ ಗೊತ್ತಿಲ್ಲ, ಪುರುಸೊತ್ತೂ ಇಲ್ಲ. ಹದಿನೈದು ಸ್ಕ್ರೀನ್‌ಶಾಟ್ ಎಸೆದರೆ ಯಾರೂ ನೋಡುವುದಿಲ್ಲ. ಒಂದೇ ಪಿಡಿಎಫ್ ಮಾಡುತ್ತೇನೆ. ಮೊದಲ ಪುಟದಲ್ಲಿ ಎಂಟು ಹತ್ತು ಸಾಲು, ತಾರೀಖಿನ ಪ್ರಕಾರ: ಆರ್ಡರ್ ಯಾವಾಗ, ಹಣ ಯಾವಾಗ, ಪಾರ್ಸೆಲ್ ಯಾವಾಗ, ತಲುಪಿದ್ದು ಯಾವಾಗ, ಆಮೇಲೆ ಅವರು ಏನಂದರು. ಹಿಂದೆ ಬಿಲ್ಲು, ಟ್ರ್ಯಾಕಿಂಗ್, ಸಹಿ ಇರುವ ಪಿಒಡಿ (ಪಾರ್ಸೆಲ್ ತಲುಪಿಸಿದ್ದಕ್ಕೆ ಕೊರಿಯರ್‌ನವರ ರಸೀದಿ), ಸಂಭಾಷಣೆ. ವಾಟ್ಸ್‌ಆ್ಯಪ್ ಚಿತ್ರದಲ್ಲಿ ನಂಬರ್ ಮತ್ತು ತಾರೀಖು ಕಾಣಬೇಕು, ಕತ್ತರಿಸಬಾರದು. ಕನ್ನಡದಲ್ಲಿ ಮಾತಾಡಿದ್ದರೆ ಕೆಳಗೆ ಇಂಗ್ಲಿಷ್ ಅನುವಾದ. ದೂರಿಗೆ ಸಂಬಂಧವಿಲ್ಲದ್ದು ಏನೂ ಬೇಡ. ತಲುಪಿಲ್ಲ ಅಂದವರಿಗೆ ಕೊಂಡಿಯ ಕಥೆ ಯಾಕೆ?

ಟ್ರ್ಯಾಕಿಂಗ್ ಪುಟವನ್ನು ಪಾರ್ಸೆಲ್ ತಲುಪಿದ ದಿನವೇ ಉಳಿಸಿಡುತ್ತೇನೆ. ಗ್ರಾಹಕರಿಗೆ ದೂರು ಕೊಡಲು ಸಾಮಾನ್ಯವಾಗಿ 120 ದಿನ ಸಮಯ ಇರುತ್ತದೆ. ಅಷ್ಟು ಹೊತ್ತಿಗೆ ಕೊರಿಯರ್‌ನವರ ಸೈಟಿನಲ್ಲಿ ಆ ನಂಬರ್ ಹಾಕಿದರೆ ಏನೂ ಬರದೇ ಹೋಗಿದ್ದುಂಟು. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳದ್ದು ಇನ್ನೊಂದು ಗೋಳು. ಗೇಟಿನ ಸೆಕ್ಯುರಿಟಿಯವರು ಸಹಿ ಹಾಕಿ ಇಟ್ಟುಕೊಂಡಿರುತ್ತಾರೆ, ಮನೆಯವರು ಪಾರ್ಸೆಲ್ ಬಂದಿಲ್ಲ ಅಂತ ಬ್ಯಾಂಕಿಗೆ ಹೇಳಿರುತ್ತಾರೆ. ಅದಕ್ಕೇ ಪಾರ್ಸೆಲ್ ತಲುಪಿದ ಸಂಜೆ ಒಂದು ಮೆಸೇಜ್ ಹಾಕಿಬಿಡುತ್ತೇನೆ, ಸೀರೆ ಕೈಗೆ ಬಂತಾ ಅಂತ. 'ಬಂತು, ಚೆನ್ನಾಗಿದೆ' ಅನ್ನುವ ಒಂದು ಸಾಲು ಯಾವ ಪಿಒಡಿಗಿಂತಲೂ ಗಟ್ಟಿ.

2025ರ ಆಗಸ್ಟ್‌ನಲ್ಲಿ ಅಮೆರಿಕದವರು 800 ಡಾಲರ್‌ವರೆಗಿನ ಸುಂಕ ವಿನಾಯಿತಿ ತೆಗೆದುಹಾಕಿದಾಗ ನಮ್ಮ ಅಂಚೆ ಇಲಾಖೆಯೂ ಅಲ್ಲಿಗೆ ಪಾರ್ಸೆಲ್ ಬುಕಿಂಗ್ ನಿಲ್ಲಿಸಿತು. ದೀಪಾವಳಿ ಆರ್ಡರ್‌ಗಳು ಬರುತ್ತಿದ್ದ ಹೊತ್ತು. ನನ್ನ ಐದು ಸೀರೆ ಕಟ್ಟಿದ್ದು ಕಟ್ಟಿದ ಹಾಗೇ ಉಳಿದವು. ಅವತ್ತೇ ಐದೂ ಜನರಿಗೆ ಬರೆದೆ, ಕಾಯುತ್ತೀರೋ, ಹಣ ವಾಪಸ್ ಬೇಕೋ ಅಂತ. ಮೂವರು ಹಣ ಕೇಳಿದರು, ಆಗಲೇ ರೀಫಂಡ್ ಮಾಡಿದೆ. ಇಬ್ಬರು ಕಾದರು. ಒಂದೂ ಚಾರ್ಜ್‌ಬ್ಯಾಕ್ ಆಗಲಿಲ್ಲ. ಸುಮ್ನೆ ಕೂತಿದ್ದರೆ ಐದೂ ಆಗುತ್ತಿದ್ದವು.

ಗೆಲ್ಲುವುದು ಸೋಲುವುದಕ್ಕಿಂತ ಎಷ್ಟು ಬಂದವು ಅನ್ನುವುದೂ ಮುಖ್ಯ. ನೂರು ಆರ್ಡರ್‌ಗೆ ಒಂದು ದಾಟಿದರೆ ಗೇಟ್‌ವೇಯವರ ಕಣ್ಣು ನಮ್ಮ ಮೇಲೆ ಬೀಳುತ್ತದೆ. ನನ್ನಂಥವರಿಗೆ 40ರಲ್ಲಿ ಒಂದು ಬಂದರೇ ನೂರಕ್ಕೆ ಎರಡೂವರೆ! ಒಂದೇ ತಿಂಗಳಲ್ಲಿ ಎರಡು ಬಂದಾಗ ಹತ್ತು ದಿನ ನನ್ನ ಹಣ ತಡೆದಿಟ್ಟಿದ್ದರು. ನೇಕಾರರಿಗೆ ಕೊಡಬೇಕಾದ ದುಡ್ಡಿಗೆ ತಂಗಿಯ ಹತ್ತಿರ ಸಾಲ ಮಾಡಿದೆ. ಅದಕ್ಕೇ ಸಾವಿರ, ಹದಿನೈದು ನೂರರ ಖಣದ ಬಟ್ಟೆಗೆ ಯಾರಾದರೂ ಗೊಣಗಿದರೆ ವಾದಕ್ಕೆ ಇಳಿಯುವುದಿಲ್ಲ, ಅವರು ಬ್ಯಾಂಕಿಗೆ ಹೋಗುವ ಮೊದಲೇ ಹಣ ಕೊಟ್ಟುಬಿಡುತ್ತೇನೆ. ಯಜಮಾನರಿಗೆ ಇದು ಒಪ್ಪಿಗೆಯಿಲ್ಲ. ಹೀಗೆ ಕೊಡುತ್ತಾ ಹೋದರೆ ರೂಢಿಯಾಗುತ್ತದೆ ಅನ್ನುತ್ತಾರೆ. ಇರಬಹುದು.

ಈ ವಾರ ಮತ್ತೊಂದು ಬಂದಿದೆ. ಪುಣೆಯವರು, ಸೀರೆ ತಲುಪೇ ಇಲ್ಲ ಅಂತ. ಟ್ರ್ಯಾಕಿಂಗ್‌ನಲ್ಲಿ ತಲುಪಿದೆ ಅಂತ ಇದೆ, ನನ್ನ ಮೆಸೇಜಿಗೆ ನೀಲಿ ಟಿಕ್ ಬಿದ್ದಿದೆ, ಉತ್ತರ ಇಲ್ಲ. ಗುರುವಾರದವರೆಗೆ ಸಮಯ. ಪಿಡಿಎಫ್‌ನ ಮೊದಲ ಪುಟ ಬರೆದಾಗಿದೆ. ಪಿಒಡಿ ಪ್ರತಿಗೆ ನಾಳೆ ಬೆಳಿಗ್ಗೆ ಕೊರಿಯರ್ ಆಫೀಸಿಗೆ ನಾನೇ ಹೋಗಿ ಕೂರಬೇಕು.