ಈರುಳ್ಳಿ ಬೇರಿನ ತುದಿಯಲ್ಲಿ ಡಿಎನ್‌ಎ ಹಾನಿಯನ್ನು ಗುರುತಿಸುವ ಕ್ರಮ

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಬೋರ್ಡೋ ದ್ರಾವಣವೆಂಬ ಶಿಲೀಂಧ್ರನಾಶಕಕ್ಕೆ ಬಳಸುವ ಮೈಲುತುತ್ತವು (ತಾಮ್ರದ ಸಲ್ಫೇಟ್) ಜೀವಕೋಶದ ಡಿಎನ್‌ಎಗೆ ಏನು ಮಾಡಬಲ್ಲದು ಎಂಬುದನ್ನು ಪದವಿ ವಿದ್ಯಾರ್ಥಿಗಳು ಅಜ್ಜಂಪುರದ ಕಡೆಯ ಈರುಳ್ಳಿಯೊಂದನ್ನು ಇಟ್ಟುಕೊಂಡೇ ನೋಡಬಹುದು. ಸ್ವೀಡನ್ನಿನ ವಿಜ್ಞಾನಿ ಆಲ್ಬರ್ಟ್ ಲೆವಾನ್ 1938ರಲ್ಲಿ ಕೋಶವಿಭಜನೆಗೆ ಅಡ್ಡಿಯಾಗುವ ಕಾಲ್ಚಿಸಿನ್‌ನ ಪರಿಣಾಮವನ್ನು ಪರೀಕ್ಷಿಸಿದ್ದೂ ಈರುಳ್ಳಿ ಬೇರಿನ ಮೇಲೆಯೇ. ಅದರ ಕೋಶದಲ್ಲಿ ಡಿಎನ್‌ಎ ಹೊತ್ತ 16 ವರ್ಣತಂತುಗಳು ದೊಡ್ಡವಾಗಿರುವುದರಿಂದ ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕಕ್ಕೂ ಕಾಣುತ್ತವೆ.

ಒಣಗಿದ ಹಳೆಯ ಬೇರುಗಳನ್ನು ಕೆರೆದು ತೆಗೆದು, ಎರಡು ಗಡ್ಡೆಗಳನ್ನು ಬುಡವಷ್ಟೇ ನೀರಿಗೆ ತಾಗುವಂತೆ ಲೋಟಗಳ ಮೇಲೆ ಕೂರಿಸಬೇಕು. ಮಳೆಗಾಲದ ಥಂಡಿಯಲ್ಲಿ ಬೇರು ಬರುವುದು ನಿಧಾನ, ಅವಸರ ಸಲ್ಲದು. ಬೇರು ಎರಡು ಸೆಂಟಿಮೀಟರ್ ಆದಾಗ ಒಂದು ಗಡ್ಡೆಯನ್ನು ಲೀಟರಿಗೆ 2 ಮಿಲಿಗ್ರಾಂ ಮೈಲುತುತ್ತ ಬೆರೆಸಿದ ನೀರಿನಲ್ಲಿ 24 ಗಂಟೆ ಇಡಬೇಕು. ಇನ್ನೊಂದು ಸಾದಾ ನೀರಿನಲ್ಲೇ ಇರಲಿ. ಉಳಿದ ದ್ರಾವಣವನ್ನು ಕೆರೆಗೆ ಚೆಲ್ಲಬಾರದು, ತಾಮ್ರ ಮೀನುಗಳಿಗೆ ವಿಷ.

ಬೆಳಗ್ಗೆ ಕತ್ತರಿಸಿದ ತುದಿಗಳನ್ನು ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ಒಂದು ದಿನ ನೆನೆಸಿ, 60 ಡಿಗ್ರಿಯಲ್ಲಿ 1 ನಾರ್ಮಲ್ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಐದರಿಂದ ಹತ್ತು ನಿಮಿಷ ಮೆತ್ತಗಾಗಿಸಿ, ತೊಳೆದು, ವರ್ಣತಂತುಗಳಿಗೆ ಬಣ್ಣ ಕೊಡುವ ಅಸಿಟೋಕಾರ್ಮಿನ್ ಹಾಕಬೇಕು. ಬಣ್ಣ ಗಾಢವಾಗಿ ಹಿಡಿದ ಒಂದೆರಡು ಮಿಲಿಮೀಟರ್ ಭಾಗ ಸಾಕು. ಕವರ್‌ಸ್ಲಿಪ್ ಮೇಲೆ ಹೆಬ್ಬೆರಳನ್ನು ನೇರವಾಗಿ ಒತ್ತಬೇಕು. ಪಕ್ಕಕ್ಕೆ ಜರುಗಿದರೆ ಕೋಶಗಳು ಸುರುಳಿಸುತ್ತಿಕೊಳ್ಳುತ್ತವೆ.

ವರ್ಣತಂತುಗಳು ಎರಡು ಗುಂಪಾಗಿ ಬೇರೆಯಾಗುವ ಅನಾಫೇಸ್ ಹಂತದ ಕೋಶಗಳಲ್ಲಿ ಆ ಗುಂಪುಗಳ ನಡುವೆ ಎಳೆದು ನಿಂತ ಸೇತುವೆಯೂ, ಹಿಂದೆ ಉಳಿದ ತುಂಡೂ ಕಂಡರೆ, ದುರಸ್ತಿಯಾಗದ ಅಥವಾ ತಪ್ಪಾಗಿ ಬೆಸೆದುಕೊಂಡ ಮುರಿತವೆಂದು ತಿಳಿಯಬೇಕು. ಸೆಂಟ್ರೋಮಿಯರ್ (ವರ್ಣತಂತುವನ್ನು ಎಳೆಯುವ ತಂತುಗಳು ಹಿಡಿಯುವ ಜಾಗ) ಇಲ್ಲದ ತುಂಡನ್ನು ಎಳೆಯುವ ಹಿಡಿಯೇ ಇರುವುದಿಲ್ಲ. ಅದು ಮುಂದೆ ಚಿಕ್ಕ ಕೋಶಕೇಂದ್ರವಾಗಿ ಬೇರೆಯೇ ಉಳಿಯಬಹುದು.

ವಿಭಜನೆಯೇ ವಿರಳವಾದ ಸ್ಲೈಡನ್ನು ಕೆಟ್ಟದ್ದೆಂದು ಎಸೆಯುವುದು ಸಾಮಾನ್ಯ ತಪ್ಪು, ನಾನೂ ಎಸೆದವನೇ. ವಿಭಜನೆ ವಿರಳವಾಗುವುದೂ ಹಾನಿಯ ಸೂಚನೆಯಿರಬಹುದು. ಡಿಎನ್‌ಎಯ ಎರಡೂ ಎಳೆ ಮುರಿದಾಗ ಎಟಿಎಂ ಎಂಬ ಪ್ರೋಟೀನು ಅದನ್ನು ಗ್ರಹಿಸಿ ಸಂಕೇತ ಕಳಿಸುತ್ತದೆ. ಮನುಷ್ಯರಲ್ಲಿ ಆ ಸಂಕೇತ ಪಿ53 ಎಂಬ ಪ್ರೋಟೀನಿಗೆ ತಲುಪಿ, ವಿಭಜನೆ ತಡೆದು ದುರಸ್ತಿಗೆ ಸಮಯ ಕೊಡುವುದೋ, ಕೋಶವನ್ನು ಸಾಯಿಸುವುದೋ ನಿಶ್ಚಯವಾಗುತ್ತದೆ. ಸಸ್ಯಗಳಲ್ಲಿ ಪಿ53 ಇಲ್ಲ. ಪ್ರಯೋಗಗಳಲ್ಲಿ ಬಳಸುವ ಅರಾಬಿಡಾಪ್ಸಿಸ್ ಗಿಡದಲ್ಲಿ ಪತ್ತೆಯಾದ ಸಾಗ್1 ಎಂಬ ಪ್ರೋಟೀನು ಆ ಕೆಲಸ ಮಾಡುತ್ತದೆ, ಹಾನಿ ವಿಪರೀತವಾದರೆ ಬೇರಿನ ಕಾಂಡಕೋಶಗಳನ್ನು (ಹೊಸ ಕೋಶ ಹುಟ್ಟಿಸುವ ಮೂಲಕೋಶಗಳನ್ನು) ಸಾವಿಗೆ ದೂಡುತ್ತದೆ. ಆದರೆ ತಾಮ್ರ ಬೇರೆ ಬಗೆಗಳಲ್ಲೂ ಕೋಶವನ್ನು ಕುಗ್ಗಿಸುವುದರಿಂದ, ವಿಭಜನೆ ಕಡಿಮೆಯಾದದ್ದೊಂದನ್ನೇ ಡಿಎನ್‌ಎ ಹಾನಿಯ ಸಾಕ್ಷಿ ಮಾಡಬಾರದು, ಸೇತುವೆ ಮತ್ತು ತುಂಡುಗಳ ಎಣಿಕೆಯೂ ಜೊತೆಗಿರಬೇಕು.

ಎರಡೂ ಗಡ್ಡೆಗಳಲ್ಲಿ ತಲಾ 500 ಕೋಶ ಎಣಿಸಿ, ವಿಭಜನೆ, ಸೇತುವೆ, ತುಂಡುಗಳು ಎಷ್ಟರಲ್ಲಿವೆಯೆಂದು ಹೋಲಿಸಿ. ಸಾದಾ ನೀರಿನ ಬೇರಿನಲ್ಲೂ ವಿಭಜನೆ ಕಾಣದಿದ್ದರೆ ದೋಷ ನಮ್ಮ ತಯಾರಿಯದು. ಹೊಸ ಗಡ್ಡೆಯಿಂದ ಮತ್ತೆ ಆರಂಭಿಸಬೇಕು.